ಸೌಭಾಗ್ಯ ತುಳಿದ ನೆಲ

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಸೌಭಾಗ್ಯಳಷ್ಟು ನೇರವಾಗಿ ಹೊಲಿಗೆ ಹಾಕುವವರು ಇನ್ನೊಬ್ಬರಿರಲಿಲ್ಲ. ಆದರೆ ಯಾರು ಹಬ್ಬಕ್ಕೆ ಕರೆದರೂ ಆಕೆ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೇ ನಿಂತು ಹೋಳಿಗೆ ಇಸಿದುಕೊಂಡು ಬರುತ್ತಿದ್ದಳು. ಹೆತ್ತ ಮಗ ಗೋಪಿ ಕಟ್ಟಿಸಿದ ಮನೆಗೂ ಕಾಲಿಟ್ಟಿರಲಿಲ್ಲ. ಗೃಹಪ್ರವೇಶದ ದಿನ ಸೊಸೆ ಅತ್ತು ಕರೆದಳು. ಊಹೂಂ! ಕಾರ್ಖಾನೆಯ ಹಿಂದಿನ ತಗಡಿನ ಕೋಣೆಯೇ ಅವಳಿಗೆ ಗತಿ.

ಹುಟ್ಟಿದ್ದು ಮಡಕಶಿರಾ ಕಡೆಯ ರತ್ನಗಿರಿ. ಗಂಡ ಲಕ್ಷ್ಮೀನರಸಪ್ಪ ಮತ್ತು ಪುಟ್ಟ ಗೋಪಿಯ ಜೊತೆ ಬಟ್ಟೆ ಹೊಲಿಯಲು ಗುಜರಾತಿಗೆ ಹೋಗಿದ್ದಳು. 2001ರ ಜನವರಿಯ ಒಂದು ಬೆಳಿಗ್ಗೆ ಮಗುವನ್ನು ಕರೆದುಕೊಂಡು ಗುಡ್ಡದ ಮೇಲಿನ ನಲ್ಲಿಗೆ ನೀರಿಗೆ ಹೋದಾಗ ಭೂಮಿ ನಡುಗಿತು. ಬಂಡೆಯ ಮೇಲಿಟ್ಟ ಕೊಡ ಉರುಳಿತು. ಅಲ್ಲಿನ ಗೋಡೆಗಳೇನೂ ಬೀಳಲಿಲ್ಲ. ಕೆಳಗೆ ಅವರ ಓಣಿಗೆ ಓಣಿಯೇ ಮಣ್ಣಾಗಿತ್ತು. ಗಂಡ ಅದರಡಿ ಇದ್ದ.

ಊರಿಗೆ ಬಂದರೆ ಅತ್ತೆ ಕದರಮ್ಮ ಬಾಗಿಲಲ್ಲೇ ತಡೆದಳು. "ನೀನ್ ನಿಂತ ಕಡೆ ಏನೂ ಆಗ್ಲಿಲ್ಲ, ನೀನ್ ಬಾಳಿದ ಮನೆ ಬಿತ್ತು. ನಿನ್ ಕಾಲ್ಗುಣ ಕಣೇ ನನ್ ಮಗನ್ನ ನುಂಗಿದ್ದು!"

ಅಲ್ಲಾ, ಭೂಮಿಗೆ ಸೊಸೆಯ ಪಾದದ ಉಸಾಬರಿ ಯಾಕೆ? ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಆಡುತ್ತದೆ. ಆದರೆ ಆ ಮಾತು ಸೌಭಾಗ್ಯಳ ಎದೆಯಲ್ಲಿ ಕೂತುಬಿಟ್ಟಿತು. ರಾಯದುರ್ಗಕ್ಕೆ ಬಂದ ಮೇಲೂ, ಕಾರ್ಖಾನೆಯ ಮಷಿನ್‌ಗಳೆಲ್ಲ ಒಟ್ಟಿಗೆ ಓಡಿ ನೆಲ ಗುಂಯ್‌ಗುಟ್ಟಿದರೆ ಗಂಡನೇ ಅಡಿಯಿಂದ ಬಡಿಯುತ್ತಿದ್ದಾನೆ ಅನ್ನಿಸುತ್ತಿತ್ತು. ತಟ್ಟನೆ ಪಾದ ಮೇಲೆತ್ತಿಕೊಳ್ಳುತ್ತಿದ್ದಳು.

ಹೋದ ವರ್ಷ ಮೊಮ್ಮಗಳಿಗೆ ಬೋರೆಹಣ್ಣು ಕೊಡಲು ಗೋಪಿಯ ಗೇಟಿನ ಬಳಿ ಬಂದಾಗ, ಮಮತಾ ಎಂಬ ಎಂಜಿನಿಯರ್ ಹುಡುಗಿ ಅಲ್ಲಿದ್ದಳು. ಭೂಕಂಪವಾದರೆ ಊರಿನ ಯಾವ ಭಾಗ ಎಷ್ಟು ಅಲುಗೀತು ಎಂದು ನಕ್ಷೆ ಮಾಡುವುದು ಅವಳ ಕೆಲಸ. ನೆಲಕ್ಕೆ ಮೊಳೆಯಂಥ ಉಪಕರಣ ಚುಚ್ಚಿ, ಕಬ್ಬಿಣದ ತಟ್ಟೆಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದಳು. ಆ ಹೊಡೆತಕ್ಕೆ ನೆಲ ಅಲುಗಿದಂತೆ ಕಂಪ್ಯೂಟರಿನಲ್ಲಿ ಗೆರೆ ಕುಣಿಯುತ್ತಿತ್ತು.

ವಿಷಯ ತಿಳಿದು ಸೌಭಾಗ್ಯ ಅವಳ ಹತ್ತಿರ ಬಂದಳು. "ಒಂದೇ ನಡುಕ. ಗುಡ್ಡದ ಮೇಲಿನೋರನ್ನ ಬಿಟ್ಟು ಕೆಳಗಿನೋರನ್ನ ಯಾಕವ್ವ ಕೆಡವ್ತದೆ?"

"ಮೇಲೆ ಬಂಡೆ ಇತ್ತೇನ್ರಿ?"

"ಹೂಂ. ಕೆಳಗೆ ಹಳೇ ಕೆರೆ ಮುಚ್ಚಿ ಮನೆ ಕಟ್ಟಿದ್ರು."

"ಅದಕ್ಕ ನೋಡ್ರಿ. ಮೆತ್ತನ ಮಣ್ಣು ಜಾಸ್ತಿ ತೂಗ್ತದ, ಭಾಳ ಹೊತ್ತು ತೂಗ್ತದ. ಈ ಮನಿ ಅಡಿ ಬಂಡೆ ಐತ್ರಿ."

ಸೌಭಾಗ್ಯ ನಂಬಲಿಲ್ಲ. ಚಪ್ಪಲಿ ಕಳಚಿ ತಟ್ಟೆಯ ಪಕ್ಕ ನಿಂತಳು. "ನಾನ್ ನಿಂತಾಗ ಒಂದ್ಸಲ ಹೊಡಿ. ಆಮೇಲೆ ದೂರ ಹೋಗ್ತೀನಿ, ಇನ್ನೊಂದ್ಸಲ ಹೊಡಿ."

ಮಮತಾ ನಗಲಿಲ್ಲ, ಪುಣ್ಯಾತ್ಗಿತ್ತಿ. ಎರಡು ಸಲವೂ ಹೊಡೆದು, ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದಳು. ಒಂದೇ ಗೆರೆಯಂತೆ ಕಂಡವು.

"ನಮ್ಮತ್ತೆ ಹೋಗ್ಬಿಟ್ಳಲ್ಲವ್ವ, ಇದನ್ನ ಯಾರಿಗೆ ತೋರಿಸ್ಲಿ?" ಎಂದು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಆಮೇಲೆ ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ಎರಡೂ ಕೈಯನ್ನು ಗೋಡೆಗೆ ಊರಿ ನಿಂತಳು. ಸೊಸೆ ನೀರು ತಂದು, "ಕೂತ್ಕೊಳ್ಳಿ ಅತ್ತೆ" ಅಂದಳು.

"ಸ್ವಲ್ಪ ತಡಿಯವ್ವ," ಅಂದಳು ಸೌಭಾಗ್ಯ. "ಇನ್ನೊಂದ್ ಗಳಿಗೆ ಗೋಡೆ ಹಿಡ್ಕೊಂಡಿರ್ತೀನಿ."