ಏಳು ಹನಿ ಹಳದಿ, ಮೂರು ಹನಿ ಹಸಿರು

ಪೇಂಟ್ ಅಂಗಡಿಗೆ ಸೇರಿದ ಮೊದಲ ವಾರವೇ ಇಪ್ಪತ್ತು ಲೀಟರಿನ ಬಕೆಟ್ಟಿನ ಮುಚ್ಚಳ ಸರಿಯಾಗಿ ಒತ್ತದೆ, ಅದನ್ನು ಕುಲುಕುವ ಯಂತ್ರಕ್ಕೆ ಏರಿಸಿ, ಅರ್ಧ ಅಂಗಡಿಗೂ ಪೂರ್ತಿ ತನಗೂ ಬಿಳಿ ಬಳಿದುಕೊಂಡ ಮಹಾನುಭಾವನಿಗೆ ಅಲ್ಲಿದ್ದವರೆಲ್ಲ ಸೇರಿ ಡಬ್ಬಣ್ಣ ಎಂದು ಹೆಸರಿಟ್ಟಿದ್ದರು. ಹೆಸರಿನ ಬಗ್ಗೆ ಅವನದೇನೂ ತಕರಾರಿರಲಿಲ್ಲ. ಓದಿದ್ದು ಡಿಗ್ರಿ, ಮಾಡುವುದು ಕೌಂಟರಿನ ಕೆಲಸ, ಬಣ್ಣದ ಜ್ಞಾನ ಸೊನ್ನೆ. ಗಿರಾಕಿಗಳು ಹಾಲಿನ ಬಿಳಿ, ಮುತ್ತಿನ ಬಿಳಿ ಎಂದೆಲ್ಲ ಕೇಳಿದರೆ ಎರಡನ್ನೂ ಮುಂದಿಟ್ಟು, ಕಣ್ಣು ಕಿರಿದು ಮಾಡಿ, "ಇದು ಸ್ವಲ್ಪ ಬೆಚ್ಚಗಿದೆ ಸಾರ್" ಎನ್ನುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ. ಯಾವುದು ಬೆಚ್ಚಗಿದೆ, ಯಾಕೆ ಬೆಚ್ಚಗಿದೆ ಎಂದು ಯಾರೂ ತಿರುಗಿ ಕೇಳದ್ದರಿಂದ ಎರಡು ವರ್ಷ ಅವನ ನೌಕರಿ ಉಳಿದಿತ್ತು.

ಆ ಸೋಮವಾರ ಬೆಳಿಗ್ಗೆ ಮಿಕ್ಸಿಂಗ್ ಅಕ್ಕ ಬಸ್ಸಿಳಿದು ಒಳಗೆ ಬಂದವಳು ಹೆಗಲ ಮೇಲಿನ ಬ್ಯಾಗನ್ನು ಇಳಿಸಲಿಲ್ಲ. ನೆಟ್ಟಗೆ ಕೌಂಟರಿನ ಮುಂದೆ ಬಂದು ಗಿರಾಕಿಯ ಹಾಗೆ ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಡಬ್ಬಣ್ಣ, ಮಾರ್ಕೆಟ್ ತಿರುವಿನಲ್ಲಿ ಎರಡು ಅಂತಸ್ತಿನ ಮನೆ ಇದೆಯಲ್ಲ, ಶನಿವಾರದವರೆಗೂ ಸಾರುವೆ ಕಟ್ಟಿದ್ರು. ಇವತ್ತು ಬಿಚ್ಚಿದ್ದಾರೆ."

"ಹೌದಾ ಅಕ್ಕ? ಚೆನ್ನಾಗಿದ್ಯಾ?"

"ಅದಕ್ಕೆ ನನ್ನ ಬಣ್ಣ ಬಳಿದಿದ್ದಾರೆ ಕಣೋ."

ಯಾವ ಬಣ್ಣವೆಂದು ಡಬ್ಬಣ್ಣನಿಗೆ ಗೊತ್ತಾಗಿಹೋಯಿತು. ಆದರೂ ಹಲ್ಲು ಕಿರಿದ. "ಊರಿನ ಅರ್ಧ ಮನೆಗಳದ್ದು ನಿಮ್ಮ ಬಣ್ಣಾನೇ ಅಲ್ವಾ ಅಕ್ಕ?"

"ಅಂಗಡಿ ಬಣ್ಣ ಅಲ್ಲ. ನನ್ನ ಬಣ್ಣ. ಯಾವ ಶೇಡ್ ಕಾರ್ಡಿನಲ್ಲೂ ಇಲ್ಲದ್ದು. ನನ್ನ ಪುಸ್ತಕ ಬಿಟ್ಟರೆ ಈ ಪ್ರಪಂಚದಲ್ಲಿ ಎಲ್ಲೂ ಇಲ್ಲದ್ದು." ಅವಳ ಧ್ವನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ತಿರುವಿನಲ್ಲಿ ತಲೆ ಎತ್ತಿದೆ. ಅಷ್ಟು ದೊಡ್ಡದಾಗಿ ನಿಂತಿತ್ತು. ನನ್ನ ಪುಸ್ತಕ ಯಾರು ತೆಗೆದ್ರು?"

ಅಕ್ಕನ ಪುಸ್ತಕ ಅಂಗಡಿಗೆಲ್ಲ ಗೊತ್ತಿದ್ದ ಗುಟ್ಟು. ಹನ್ನೊಂದು ವರ್ಷದಿಂದ ಮಿಕ್ಸಿಂಗ್ ಮೆಷಿನ್ ಅವಳ ಕೈಯಲ್ಲಿತ್ತು. ನಲವತ್ತರ ಆಚೀಚೆ ವಯಸ್ಸು, ಚಿಕ್ಕ ಮೈಕಟ್ಟು, ತೋರುಬೆರಳಿನ ಉಗುರಿನ ಸಂದಿಯಲ್ಲಿ ಸದಾ ಯಾರದೋ ಮನೆಯ ಗೋಡೆ. ಗಂಡನನ್ನು ಬಿಟ್ಟು ಬಂದು ತನ್ನ ದೊಡ್ಡಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಅದರಾಚೆಗೆ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಗೋಡೆಯಿಂದ ಉದುರಿದ ಚಕ್ಕೆ ತಂದು "ಇದೇ ಬಣ್ಣ ಬೇಕು" ಎಂದರೆ ಬೇರೆ ಅಂಗಡಿಯವರು ಯಂತ್ರಕ್ಕೆ ತೋರಿಸುತ್ತಾರೆ. ಅಕ್ಕ ಬಾಗಿಲ ಬೆಳಕಿಗೆ ಹಿಡಿದು, ಒಂದು ಗಳಿಗೆ ನೋಡಿ, "ಕಪ್ಪು ಅರ್ಧ ಹನಿ" ಎಂದು ಗೊಣಗಿ ಬೆರೆಸಿಬಿಡುತ್ತಿದ್ದಳು. ಬೆರೆಸಿದ ಮೇಲೆ ಬೆರಳಿನಿಂದ ಮುಚ್ಚಳದ ಮೇಲೊಂದು ಬೊಟ್ಟು. ಒಣಗಿದ ಬೊಟ್ಟೂ ಚಕ್ಕೆಯೂ ಒಂದೇ ಆಗಿರುತ್ತಿದ್ದವು.

ಮಧ್ಯಾಹ್ನ ಹತ್ತು ನಿಮಿಷದಲ್ಲಿ ಊಟ ಮುಗಿಸಿ ಅವಳು ಪುಸ್ತಕ ತೆಗೆಯುವಳು. ಅದು ಕಂಪನಿಯವರು ರದ್ದು ಮಾಡಿದ ದಪ್ಪನೆಯ ಶೇಡ್ ಕಾರ್ಡ್ ಪುಸ್ತಕ. ಹಳೆಯ ಪುಟಗಳ ಮೇಲೆ ಬಿಳಿ ಹಾಳೆ ಅಂಟಿಸಿ ತನ್ನದು ಮಾಡಿಕೊಂಡಿದ್ದಳು. ದಿನಕ್ಕೊಂದು ಪುಟ. ಕಲಕುವ ಕಡ್ಡಿಯಲ್ಲಿ ಉಳಿದ ಬಣ್ಣ, ಪೆನ್ಸಿಲಿನ ನಾಲ್ಕು ಗೆರೆ, ಒಂದು ಬಸ್ ಟಿಕೆಟ್ಟು. ಚೆಲ್ಲಿದ ಚಹಾದ ಬಣ್ಣ, ಕಂಡಕ್ಟರನ ಚೀಲದ ಬಣ್ಣ, ಗೋದಾಮಿನ ಬೆಕ್ಕಿನ ಹೊಟ್ಟೆಯ ಬಣ್ಣ. ಒಮ್ಮೆ ಡಬ್ಬಣ್ಣ ಬೆನ್ನ ಹಿಂದಿನಿಂದ ಇಣುಕಿದಾಗ ಒಂದು ಭಯಂಕರ ಗುಲಾಬಿಯ ಕೆಳಗೆ "ಡಬ್ಬಣ್ಣನ ಹೊಸ ಶರ್ಟು, ಬುದ್ಧಿ ಯಾವಾಗ ಬರುತ್ತೋ" ಎಂದಿತ್ತು. ಚಿತ್ರಗಾರ್ತಿ ಎಂದು ಯಾರಾದರೂ ಛೇಡಿಸಿದರೆ ಅವಳು ತಲೆಯೆತ್ತದೆ ಹೇಳುವಳು: "ಈ ಇಪ್ಪತ್ತು ನಿಮಿಷ ಇಲ್ದಿದ್ರೆ ಸಾಯಂಕಾಲದೊಳಗೆ ನಿಮ್ಮಲ್ಲಿ ಒಬ್ಬರ ತಲೆ ಮೇಲೆ ಬಕೆಟ್ ಎತ್ತಿ ಹಾಕಿರ್ತೀನಿ. ಸುಮ್ನಿರಿ."

ಮೆಷಿನ್ನಿನ ಕೆಳಗಿನ ಡ್ರಾಯರ್, ಒರೆಸುವ ಬಟ್ಟೆಗಳ ಅಡಿ, ಅದರ ಜಾಗ. ಬೀಗವಿರಲಿಲ್ಲ. ಯಾರೂ ಮುಟ್ಟುತ್ತಿರಲಿಲ್ಲ.

ಡಬ್ಬಣ್ಣ ಮುಟ್ಟಿದ್ದ. ತಿಂಗಳ ಹಿಂದೆ ಹಲ್ಲು ಕೀಳಿಸಲು ಅಕ್ಕ ಎರಡು ದಿನ ರಜೆ ಹಾಕಿದಾಗ, ಮಾರ್ಕೆಟ್ ತಿರುವಿನ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಅಂಗಡಿಗೆ ಬಂದು ಅವನ ಎರಡು ಗಂಟೆಯನ್ನೂ ಇದ್ದಬದ್ದ ಶೇಡ್ ಕಾರ್ಡುಗಳನ್ನೂ ನುಂಗಿದ್ದರು. ಯಾವುದೂ ಒಪ್ಪಿಗೆಯಿಲ್ಲ. ಇದು ಕಣ್ಣಿಗೆ ಚುಚ್ಚುತ್ತೆ, ಅದು ಆಸ್ಪತ್ರೆ ಥರ ಇದೆ. ಕೊನೆಗೆ ಮೇಜಿನ ಮೇಲೆ ಚೆಲ್ಲಿದ ಬಣ್ಣ ಒರೆಸಲು ಅವನು ಬಟ್ಟೆ ಎಳೆದಾಗ ಪುಸ್ತಕವೂ ಅರ್ಧ ಹೊರಗೆ ಬಂತು.

"ಅದೇನಪ್ಪಾ, ಒಳ್ಳೆ ಕಾರ್ಡನ್ನೆಲ್ಲ ಬಚ್ಚಿಟ್ಕೊಂಡಿದ್ದೀಯಾ?" ಎಂದು ಅವರೇ ಎಳೆದು ಬಿಚ್ಚಿದರು. ಮೊದಲ ಕೆಲವು ಪುಟ ತಿರುಗಿಸಿ ಒಂದರ ಮೇಲೆ ಬೆರಳಿಟ್ಟರು. ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಮೆತ್ತನೆಯ ಬಣ್ಣ. "ಇದು! ನೋಡಿದ್ರೇನೇ ಮನಸ್ಸು ತಣ್ಣಗಾಗುತ್ತಲ್ಲಪ್ಪ!"

ಡಬ್ಬಣ್ಣ ತಡೆಯಬೇಕಿತ್ತು. ಬದಲಿಗೆ ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದನ್ನು ಓದಿದ: ಒಂದು ಲೋಟ ಬಿಳಿಗೆ ಹಳದಿ ಏಳು ಹನಿ, ಹಸಿರು ಮೂರು, ಕಂದು ಒಂದು. ಇಷ್ಟು ಸುಲಭವೇ ಎಂದು ಅವನ ಡಿಗ್ರಿಗೆ ಹುರುಪು ಬಂತು. ಲೋಟವನ್ನು ಬಕೆಟ್ಟಿಗೆ ಗುಣಿಸಿ, ಮೆಷಿನ್ನಿನ ಕಂಪ್ಯೂಟರಿಗೆ ತುಂಬಿ, ಜೀವಮಾನದಲ್ಲಿ ಮೊದಲ ಬಾರಿಗೆ ತಾನೇ ಒಂದು ಬಣ್ಣ ಹೊರತೆಗೆದ. "ಹೆಸರೇನಪ್ಪಾ ಇದರದ್ದು?" ಎಂದು ಮೇಡಂ ಕೇಳಿದಾಗ ಹಿಂದೆಮುಂದೆ ನೋಡದೆ "ಹೊಸ ಚಿಗುರು" ಎಂದೂಬಿಟ್ಟ. ಆ ಹೆಸರು ಹೊಳೆದ ಖುಷಿಗೆ ಎರಡು ದಿನ ತನ್ನೊಳಗೊಬ್ಬ ಕವಿ ಇದ್ದಾನೆಂದು ನಂಬಿಕೊಂಡು ಓಡಾಡಿದ್ದ.

ಈಗ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ. "ಕದ್ದು ನೋಡಿದ್ದಲ್ಲ ಅಕ್ಕ, ಅವರೇ ಎಳೆದ್ರು. ಅಷ್ಟು ಚೆನ್ನಾಗಿತ್ತು ಅಂತ..."

"ಚೆನ್ನಾಗಿತ್ತಾ?" ಎಂದಳು ಅಕ್ಕ. ಅಷ್ಟೇ. ಬ್ಯಾಗನ್ನು ಮೊಳೆಗೆ ಸಿಕ್ಕಿಸಿ ಕೆಲಸಕ್ಕೆ ನಿಂತಳು.

ಬೈದಿದ್ದರೆ ಬಚಾವಾಗುತ್ತಿದ್ದ. ಅವಳು ಬೈಯಲಿಲ್ಲ, ಪುಸ್ತಕವನ್ನು ತೆಗೆಯುವುದನ್ನೇ ನಿಲ್ಲಿಸಿದಳು. ಸೋಮವಾರ, ಮಂಗಳವಾರ, ಬುಧವಾರ ಊಟ ಮುಗಿಸಿ ಗೋದಾಮಿನ ಗೋಡೆ ನೋಡುತ್ತ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬುಧವಾರ ಮಧ್ಯಾಹ್ನ ಅಂಗಡಿಯೇ ದಂಗಾಗುವಂಥದು ನಡೆಯಿತು. ಅಕ್ಕ ಒಂದು ಡಬ್ಬ ತಪ್ಪಾಗಿ ಬೆರೆಸಿದಳು. ಆಕಾಶನೀಲಿ ಕೇಳಿದ್ದ ಪೇಂಟರ್ ಮೇಸ್ತ್ರಿ ಮುಚ್ಚಳದ ಬೊಟ್ಟನ್ನೂ ಅವಳನ್ನೂ ಎರಡೆರಡು ಸಲ ನೋಡಿ, "ಅಕ್ಕನಿಗೆ ಮೈಯಲ್ಲಿ ಹುಷಾರಿಲ್ವಾ?" ಎಂದು ಡಬ್ಬಣ್ಣನನ್ನು ಪಿಸುಮಾತಿನಲ್ಲಿ ಕೇಳಿದ. ಬಸ್ಸಿನಲ್ಲಿ ಬಂದುಹೋಗುವಾಗ ದಿನಕ್ಕೆರಡು ಸಲ ಆ ಮನೆ ದಾಟಬೇಕಲ್ಲ, ಅದಕ್ಕೆ ತಿರುವಿಗೆ ಮುಂಚೆಯೇ ಇಳಿದು ಬೇರೆ ದಾರಿಯಲ್ಲಿ ನಡೆದು ಬರುತ್ತಿದ್ದಾಳೆಂದು ಅವನಿಗೆ ಆಮೇಲೆ ಗೊತ್ತಾಯಿತು.

ಗುರುವಾರ ಅವನು ಸ್ಟೇಷನರಿ ಅಂಗಡಿಗೆ ಹೋಗಿ ರಟ್ಟಿನ ಹೊದಿಕೆಯ ಹೊಸ ಪುಸ್ತಕವೊಂದನ್ನು ತಂದ. ಮುಖಪುಟದ ಮೇಲೆ ಚಿಟ್ಟೆ ಇತ್ತು. ಊಟದ ಹೊತ್ತಿಗೆ ಗೋದಾಮಿಗೆ ಹೋಗಿ ಅವಳ ಮುಂದಿಟ್ಟ.

ಅಕ್ಕ ಚಿಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಸಲ ತುಟಿ ಸ್ವಲ್ಪ ಸಡಿಲವಾಯಿತು. "ಪಾಪದವನು ಕಣೋ ನೀನು. ಹೋಗಿ ಆ ಪುಸ್ತಕ ತಗೊಂಡು ಬಾ."

ತಂದ. ಅವಳೇ ಬಿಚ್ಚಿದಳು. ಮೊದಲ ಪುಟ ದಟ್ಟ ಕೆಂಪು. ಎರಡನೆಯದು ನೇರಳೆ. ಮೂರು, ನಾಲ್ಕು ಕಪ್ಪಿಗೆ ತಿರುಗಿದ ನೀಲಿ. ಐದರಲ್ಲಿ ಅಂಚಿಗೆ ಹಸಿರು. ಒಂಬತ್ತು ಪುಟ, ಒಂದರ ಹಿಂದೆ ಒಂದು ತಾರೀಖು, ಆರು ವರ್ಷದ ಹಿಂದಿನವು. ಗೆರೆಯಿಲ್ಲ, ಟಿಕೆಟ್ಟಿಲ್ಲ, ತಮಾಷೆಯಿಲ್ಲ. ಬಣ್ಣ, ಕೆಳಗೆ ಹನಿಗಳ ಲೆಕ್ಕ. ಎಂಟನೆಯದು ಮೇಡಂ ಬೆರಳಿಟ್ಟಿದ್ದು.

ಏನಾದರೂ ಹೇಳಬೇಕಲ್ಲ ಎಂದು ಡಬ್ಬಣ್ಣ ಹೇಳಿದ: "ಸೂರ್ಯ ಮುಳುಗೋದಾ ಅಕ್ಕ?"

ಅಕ್ಕ ಎಡಗೈಯ ಬಟ್ಟೆಯನ್ನು ಮೊಣಕೈ ತನಕ ಮೇಲಕ್ಕೆ ಸರಿಸಿ ಕೈಯನ್ನು ಪುಟದ ಪಕ್ಕ ಇಟ್ಟಳು. ಅಲ್ಲೇನೂ ಇರಲಿಲ್ಲ, ಬರಿಯ ಕೈ. "ನನ್ನ ಕೈ," ಎಂದಳು. "ಇಲ್ಲಿಂದ ಇಲ್ಲೀತನಕ. ಮೊದಲನೇ ದಿನ, ಎರಡನೇ ದಿನ, ಮೂರನೇ ದಿನ."

ಅವನಿಗೆ ಅರ್ಥವಾಗಲು ಎರಡು ಗಳಿಗೆ ಹಿಡಿಯಿತು. ಹೊಸ ಚಿಗುರು! ಎರಡು ಅಂತಸ್ತು, ನಾಲ್ಕು ಗೋಡೆ, ಕಾಂಪೌಂಡು. ಅವನ ಕೈಯಾರೆ ಗುಣಿಸಿ ತುಂಬಿಸಿದ್ದು, ಹೆಸರಿಟ್ಟಿದ್ದು. ಅವನು ಅಲ್ಲೇ ಇದ್ದ ಬಕೆಟ್ಟಿನ ಮೇಲೆ ಕುಕ್ಕರಿಸಿದ.

"ಯಾರು..." ಎಂದವನು ನಿಲ್ಲಿಸಿದ. ಯಾರು ಎಂದು ಕೇಳುವ ಅಗತ್ಯವಿರಲಿಲ್ಲ.

"ಅದಕ್ಕೆ ಮುಂಚೇನೂ ಆಗಿತ್ತು ಕಣೋ. ಎಷ್ಟೋ ಸಲ. ನಾನು ನೋಡ್ಕೊಂಡೇ ಇರಲಿಲ್ಲ. ಉದ್ದ ತೋಳಿನ ಬಟ್ಟೆ ಹಾಕ್ಕೊಂಡು ಬರ್ತಿದ್ದೆ. ಎರಡು ದಿನ ಕಳೆದ್ರೆ 'ನಾನೆಲ್ಲಿ ಅಷ್ಟು ಜೋರಾಗಿ ಹೊಡೆದೆ, ನಿಂದೆಲ್ಲ ಅತಿ' ಅನ್ನೋರು. ನನಗೂ ಹಾಗೇ ಅನ್ನಿಸೋದು, ಇರಬಹುದೇನೋ, ನಂದೇ ಅತಿಯೇನೋ ಅಂತ. ಆವತ್ತು ಇಲ್ಲೇ ಕೂತಿದ್ದೆ. ತೋಳು ಸರಿಸಿದೆ. ಬಣ್ಣ ಕಂಡರೆ ಹನಿ ಎಣಿಸೋದು ಬಿಟ್ಟು ನನಗೇನು ಬರುತ್ತೆ ಹೇಳು? ಎಣಿಸಿದೆ. ಲೋಟದಲ್ಲಿ ಬೆರೆಸಿದೆ. ಕೈ ಪಕ್ಕ ಹಿಡಿದರೆ ಸರಿಯಾಗಿ ಕೂತುಬಿಡ್ತು." ಅವಳು ಮೊದಲ ಪುಟದ ಮೇಲೆ ಬೆರಳಾಡಿಸಿದಳು. "ಅತಿ ಆಗಿದ್ರೆ ಇಷ್ಟು ಕೆಂಪು ಬೇಕಾಗ್ತಿರಲಿಲ್ಲ ಅಲ್ವಾ? ನನ್ನ ಕಣ್ಣು ಬಣ್ಣದಲ್ಲಿ ತಪ್ಪೋದಿಲ್ಲ. ಅದೊಂದು ನನಗೆ ಗೊತ್ತಿತ್ತು."

"ಆಮೇಲೆ?"

"ಆಮೇಲೇನು, ದಿನಾ ಬೆರೆಸಿದೆ. ಒಂಬತ್ತನೇ ದಿನ ಬಿಳಿಗೆ ಹಳದಿ ಒಂದು ಹನಿ ಸಾಕಾಯ್ತು. ಹತ್ತನೇ ದಿನ ಬಟ್ಟೆ ಗಂಟು ಕಟ್ಕೊಂಡು ದೊಡ್ಡಕ್ಕನ ಮನೆಗೆ ಹೋದೆ. ಪುಸ್ತಕ ಬಿಡೋಕೆ ಮನಸ್ಸಾಗಲಿಲ್ಲ. ಬೆಕ್ಕು ಬಂತು, ಚಹಾ ಬಂತು, ನಿನ್ನ ಶರ್ಟು ಬಂತು." ಪುಸ್ತಕ ಮುಚ್ಚಿದಳು. "ಆ ಒಂಬತ್ತು ಪುಟ ನಾನು ತಿರುಗಿಸಿ ನೋಡ್ತಿರಲಿಲ್ಲ. ಇದೆ ಅಂತ ಗೊತ್ತಿದ್ರೆ ಸಾಕಿತ್ತು. ಈಗ ರಸ್ತೆಯಲ್ಲಿ ನಿಂತಿದೆ."

ಡಬ್ಬಣ್ಣ ಎದ್ದು ಹೋಗಿ ಕಂಪ್ಯೂಟರಿನಿಂದ ಹೊಸ ಚಿಗುರನ್ನು ಅಳಿಸಿದ. ಅವಸರದಲ್ಲಿ ಅದರ ಜೊತೆ ಪಕ್ಕದ ಎರಡು ಬಣ್ಣಗಳೂ ಹೋದವು.

ಶುಕ್ರವಾರ ಹನ್ನೊಂದು ಗಂಟೆಗೆ ಯಜಮಾನರು ಕೈಯಲ್ಲೊಂದು ಚೀಟಿ ಹಿಡಿದು ನಗುನಗುತ್ತ ಬಂದರು. "ಮೂರು ಜನ ಫೋನ್ ಮಾಡಿದ್ರು! ಮಾರ್ಕೆಟ್ ತಿರುವಿನ ಮನೆ ಬಣ್ಣಾನೇ ಬೇಕಂತೆ. ಹೊರಗಡೆ ಬೋರ್ಡಿಗೂ ಅದನ್ನೇ ಬಳಿಸೋಣ. ತೆಗೀ ಡಬ್ಬಣ್ಣ."

"ಕೈತಪ್ಪಿ ಅಳಿಸಿಹೋಯ್ತು ಯಜಮಾನ್ರೇ."

ಇದನ್ನು ನಂಬಿಸಲು ಅವನು ರಾತ್ರಿಯೆಲ್ಲ ದೊಡ್ಡದೊಂದು ಕತೆ ಕಟ್ಟಿಕೊಂಡು ಬಂದಿದ್ದ. ಬೇಕಾಗಲೇ ಇಲ್ಲ. ಯಾರಿಗೂ ಲವಲೇಶ ಅನುಮಾನ ಬರಲಿಲ್ಲ. ಯಜಮಾನರು ಹಣೆ ಚಚ್ಚಿಕೊಂಡು, ಅವನ ಡಿಗ್ರಿಯನ್ನೂ ಅದನ್ನು ಕೊಟ್ಟವರನ್ನೂ ನಾಲ್ಕು ಮಾತಾಡಿ, ಬಕೆಟ್ಟಿನ ಮೇಲೆ ಅಂಟಿಸಿದ ಬಣ್ಣದ ಲೆಕ್ಕದ ಚೀಟಿಯಾದರೂ ಸಿಗುತ್ತದಾ ಎಂದು ಆ ಮನೆಯ ಮೇಸ್ತ್ರಿಗೆ ಫೋನ್ ಮಾಡಿದರು. ಖಾಲಿ ಬಕೆಟ್ಟುಗಳನ್ನು ಪೇಂಟರುಗಳು ಎಂದಿನಂತೆ ಮನೆಗೆ ಒಯ್ದಿದ್ದರು. ಚೀಟಿ ಯಾವುದೋ ಬಚ್ಚಲಿನಲ್ಲಿ ಕರಗಿಹೋಗಿತ್ತು. ಡಬ್ಬಣ್ಣ ಒಳಗೊಳಗೇ ಉಬ್ಬಿದ. ಗೆದ್ದೆ ಎಂದುಕೊಂಡ.

"ಹೋಗ್ಲಿ ಬಿಡು," ಎಂದು ಯಜಮಾನರು ಅಕ್ಕನ ಕಡೆ ತಿರುಗಿದರು. "ನೀನಿದ್ದೀಯಲ್ಲಮ್ಮ. ಆಟೋ ಮಾಡ್ಕೊಂಡು ಹೋಗಿ ಗೋಡೆ ನೋಡ್ಕೊಂಡು ಬಾ. ಕಣ್ಣಲ್ಲೇ ಹಿಡಿದುಬಿಡ್ತೀಯ."

ಡಬ್ಬಣ್ಣನ ಉಬ್ಬಿದ ಎದೆ ಪುಸ್ಸೆಂದಿತು. ಇದನ್ನು ಅವನು ಲೆಕ್ಕ ಹಾಕಿರಲಿಲ್ಲ. ಮೂರು ಮನೆ, ಒಂದು ಬೋರ್ಡು, ದಿನವೂ ತಲೆಯ ಮೇಲೆ. ಅವನು ಅಕ್ಕನನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವಳು ಯಜಮಾನರಿಗೆ ಒಂದಕ್ಕೂ ಎದುರಾಡಿದವಳಲ್ಲ.

ಅಕ್ಕ ಕಲಕುವ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟಳು. "ಹಿಡಿಯಲ್ಲ ಯಜಮಾನ್ರೇ."

"ಯಾಕಮ್ಮ, ಹಿಡಿಯೋಕಾಗಲ್ವಾ?"

"ಆಗುತ್ತೆ. ಹಿಡಿಯಲ್ಲ."

ಯಜಮಾನರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅವಳು ಮೆಷಿನ್ ಬಿಟ್ಟು ಎದ್ದರೆ ಅಂಗಡಿ ಯಾರ ಕೈಗೆ ಬರುತ್ತದೆ ಎಂದು ನೋಡುವಂತೆ ಅವರ ಕಣ್ಣು ಡಬ್ಬಣ್ಣನ ಮೇಲೆ ಬಿತ್ತು, ಬಿದ್ದ ಕೂಡಲೇ ಗಾಬರಿಯಿಂದ ವಾಪಸ್ಸು ಹೋಯಿತು.

"ಮತ್ತೆ... ಆ ಮೂರು ಜನಕ್ಕೆ ಏನಂತ ಹೇಳ್ಲಿ?"

"ಕಳಿಸಿ. ಅವರವರ ಮನೆಗೆ ಅವರದೇ ಬಣ್ಣ ಹುಡುಕಿ ಕೊಡ್ತೀನಿ. ಅದು ಬೇಡ."

ಯಜಮಾನರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಯಾಕೆ ಎಂದು ಕೇಳಲೂ ಮರೆತು, ಹೊರಗೆ ಹೋದರು. ಅಕ್ಕನ ಕೈ ಮೆಷಿನ್ನಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದುದನ್ನು ಡಬ್ಬಣ್ಣ ಆಗ ನೋಡಿದ. ತಾನಾಡಿದ ಮಾತಿಗೆ ಅವಳೇ ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದಳು.

ಮಧ್ಯಾಹ್ನ ಅವಳು ಊಟವನ್ನೂ ಬಿಚ್ಚದೆ ಡ್ರಾಯರಿಗೆ ಕೈ ಹಾಕಿದಳು. ಲೋಟದಲ್ಲಿ ಬಿಳಿ ಹಾಕಿ, ಕಪ್ಪು, ಚೂರು ಹಳದಿ, ಮತ್ತೆ ಬಿಳಿ ಬೆರೆಸಿ, ಹೊಸ ಪುಟದ ತುಂಬ ಬೂದಿಯಂಥದ್ದೊಂದು ಬಳಿದಳು. ಡಬ್ಬಣ್ಣ ದೂರದಲ್ಲೇ ನಿಂತಿದ್ದ. ಇಣುಕುವ ಧೈರ್ಯವಿರಲಿಲ್ಲ.

"ಬಾರೋ, ನೋಡು," ಎಂದಳು.

"ಇದ್ಯಾವುದಕ್ಕ?" ಅವನ ಧ್ವನಿ ಹೆದರಿಕೊಂಡೇ ಹೊರಟಿತು.

"ಯಜಮಾನರ ಮುಖ. ಬೆಳಿಗ್ಗೆ ಹನ್ನೊಂದೂ ಕಾಲಿಗೆ." ಅವಳು ತಲೆ ಓರೆ ಮಾಡಿ ಪುಟವನ್ನು ಪರೀಕ್ಷಿಸಿದಳು. "ಕಪ್ಪು ಅರ್ಧ ಹನಿ ಜಾಸ್ತಿಯಾಯ್ತೇನೋ. ನೀನು ನೋಡಿದ್ಯಲ್ಲ, ಹೇಳು."

ಡಬ್ಬಣ್ಣ ಕಣ್ಣು ಕಿರಿದು ಮಾಡಲಿಲ್ಲ. ಬಹಳ ಹೊತ್ತು ನೋಡಿದ.

"ಗೊತ್ತಾಗಲ್ಲ ಅಕ್ಕ," ಎಂದ.