ಮಗುವನ್ನು ಮೀಯಿಸುವ ಹೊತ್ತು

ಗರ್ಭಿಣಿಯರ ಮತ್ತು ಬಾಣಂತಿಯರ ಮನಸ್ಸಿನ ಆರೋಗ್ಯದ ಕುರಿತ ನಮ್ಮ ಅಧ್ಯಯನಕ್ಕೆ ಒಂದು ನಿಯಮವಿತ್ತು: ಪ್ರಶ್ನೆ ಕೇಳುವಾಗ ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ನಿಯಮ ಬರೆದವರು ಪುತ್ತೂರು, ಸುಳ್ಯ, ಕಡಬದ ಕಡೆ ಬಾಣಂತಿ ಕೋಣೆಗೆ ಕಾಲಿಟ್ಟಿರಲಾರರು. ಇಲ್ಲಿ ಬಾಣಂತಿಯನ್ನು ಒಂಟಿಯಾಗಿ ಬಿಡುವುದೆಂದರೆ ಮನೆಯವರಿಗೇ ಅವಮಾನ.

ಆಲಂಕಾರಿನ ಆ ಮನೆಯ ಹುಡುಗಿಗೆ ನನ್ನದೇ ಪ್ರಾಯ. ಗಂಡ ದುಬೈಯಲ್ಲಿ, ಮಗುವಿನ ಪರಿಚಯ ಅವನಿಗೆ ಫೋನಿನಲ್ಲಿ ಮಾತ್ರ. ಮಂಚದ ಮೇಲೆ ಅವಳು, ಕಾಲ ಬಳಿ ಅವಳ ಉಮ್ಮ. ನಾನು ಮಗಳನ್ನು ಕೇಳಿದ್ದಕ್ಕೆಲ್ಲ ತಾಯಿಯ ಉತ್ತರ.

“ನಿದ್ರೆ ಸರಿ ಬರ್ತದಾ?”

“ಬಾರದೆ ಎಂತ? ಇವಳಿಗೆ ಬೇರೆ ಎಂತ ಕೆಲಸ ಉಂಟು?”

“ಮೊದಲಿನ ಹಾಗೆ ನಗು ಬರ್ತದಾ?”

“ಬಾಣಂತಿ ಬಾಯಿ ಬಿಟ್ಟು ನಗ್ಲಿಕ್ಕಿಲ್ಲ. ಹೊಟ್ಟೆಗೆ ಗಾಳಿ ಹೋಗ್ತದೆ. ಅಷ್ಟೂ ಕಲಿಸ್ಲಿಲ್ವಾ ನಿಮ್ಮ ಕಾಲೇಜಿನಲ್ಲಿ?”

ಹುಡುಗಿ ಹೊದಿಕೆಯನ್ನು ಬಾಯಿಯವರೆಗೆ ಎಳೆದುಕೊಂಡಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಿದ್ರೆಯ ಉತ್ತರ ಸರಿಯಿರಲಿಲ್ಲ. ಆದರೆ ಉಮ್ಮನಿಗೆ ಹೊರಗೆ ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮಗುವನ್ನು ಮೀಯಿಸುವುದು ಯಾರು ಎಂದು ಕೇಳಿದೆ.

“ಬೆಳಿಗ್ಗೆ ಒಬ್ಬಳು ಬರ್ತಾಳೆ. ಎಣ್ಣೆ ಹಚ್ಚುದು ಒಳ್ಳೇದು. ಆದರೆ ನೇರ ಮಾಡ್ತೇನೆ ಅಂತ ಮಗುವಿನ ಮೂಗು ಎಳೀತಾಳೆ. ಅದಕ್ಕೇ ನಾನು ಪಕ್ಕದಲ್ಲಿ ನಿಲ್ಲುದು. ನಮ್ಮ ಕುಟುಂಬದ ಮೂಗು ಅದು. ಹಾಗೇ ಇರ್ಲಿ.”

ಮರುದಿನ ನಾನು ಸರಿಯಾಗಿ ಆ ಹೊತ್ತಿಗೆ ಹೋದೆ. ಬಚ್ಚಲಿನಲ್ಲಿ ಮಗು ಅರಚುತ್ತಿತ್ತು, ಉಮ್ಮ ಮೂಗಿನ ಕಾವಲಿಗೆ ನಿಂತಿದ್ದರು. ನಮ್ಮ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ.

“ಮಗು ಮಲಗಿದ ಮೇಲೆ ಮೂಗಿನ ಕೆಳಗೆ ಬೆರಳು ಇಡ್ತೇನೆ, ಉಸಿರು ಉಂಟಾ ಅಂತ,” ಎಂದಳು ಹುಡುಗಿ. “ತೆಗೆದ ಕೂಡಲೇ ಪುನಃ ಹೆದರಿಕೆ. ನಿದ್ರೆಯೇ ಇಲ್ಲ. ಉಮ್ಮನಿಗೆ ಗೊತ್ತಾದರೆ, ಇವಳಿಗೆ ಮಗು ನೋಡ್ಲಿಕ್ಕೆ ಆಗುದಿಲ್ಲ ಅಂತ ದುಬೈಗೆ ಫೋನ್ ಮಾಡ್ತಾರೆ.”

ಇದು ಎಷ್ಟೋ ತಾಯಂದಿರಿಗೆ ಆಗುತ್ತದೆ, ಚಿಕಿತ್ಸೆಯಿದೆ, ಪುತ್ತೂರಿನಲ್ಲೇ ಡಾಕ್ಟರಿದ್ದಾರೆ ಎಂದೆ. ಅವಳು ಬಚ್ಚಲಿನ ಕಡೆ ನೋಡಿದಳು.

“ಉಮ್ಮನಿಗೆ ನೀವೇ ಹೇಳಿ. ನಾನು ಹೇಳಿದರೆ ಅಳು ಬರ್ತದೆ.”

ಬಟ್ಟೆ ಸುತ್ತಿದ ಮಗುವನ್ನು ಎತ್ತಿಕೊಂಡು ಬಂದ ಉಮ್ಮನಿಗೆ ನಾನು ನಾಲ್ಕು ಮಾತಿನಲ್ಲಿ ಹೇಳಿದೆ. ಅವರು ಮಗಳನ್ನು ನೋಡಿದರು, ಮಗುವನ್ನು ನೋಡಿದರು.

“ಎಲ್ಲರೂ ಈ ಪಾಪದ ಮೂಗಿನ ಹಿಂದೆಯೇ ಬಿದ್ದಿದ್ದೀರಿ. ಅವಳು ಎಳೆಯುದು, ನೀನು ಬೆರಳು ಇಡುದು. ಇನ್ನು ಉಸಿರು ನೋಡುದು ನನ್ನ ಡ್ಯೂಟಿ. ನೀನು ಮಲಗು. ಡಾಕ್ಟರಲ್ಲಿಗೆ ನಾನೇ ಕರ್ಕೊಂಡು ಹೋಗ್ತೇನೆ.”

“ದುಬೈಗೆ ಹೇಳ್ತೀರಾ?” ಎಂದು ಕೇಳಿದಳು ಹುಡುಗಿ.

“ಎಂತಕ್ಕೆ? ಅಲ್ಲಿಂದ ಅವರ ಬೆರಳು ಇಲ್ಲಿಗೆ ಮುಟ್ತದಾ?”

ಹುಡುಗಿ ಬಾಯಿ ಬಿಟ್ಟು ನಕ್ಕಳು. ಹೊದಿಕೆ ಅಡ್ಡ ಹಿಡಿಯಲಿಲ್ಲ. ಉಮ್ಮ ಮಗುವಿನ ಸಮೇತ ಹೋಗಿ, ಗಾಳಿ ಬರುತ್ತಿದ್ದ ಕಿಟಕಿಯನ್ನು ಮುಚ್ಚಿದರು.