ಅಮ್ಮನ ಕ-ಭಾಷೆ

ಇವತ್ತು ಗಲ್ಫಿನ ರಿಗ್ಗೈಯ ನಮ್ಮ ಫ್ಲ್ಯಾಟಿನಲ್ಲಿ ಮಗಳು ಫ್ರೆಂಚ್ ಪುಸ್ತಕ ಹಿಡಿದು ನಗುತ್ತಿದ್ದಳು. "ಅಮ್ಮಾ, ಫ್ರೆಂಚ್ ಹುಡುಗರು ಥ್ಯಾಂಕ್ಸ್‌ಗೆ ಹೇಳೋ ಮೆರ್ಸಿಯನ್ನು ಉಲ್ಟಾ ಮಾಡಿ ಸಿಮೆರ್ ಅಂತಾರಂತೆ. ದೊಡ್ಡವರಿಗೆ ಗೊತ್ತಾಗ್ಬಾರ್ದು ಅಂತ. ಸೋ ಫನ್ನಿ!"

ನನಗೆ ನಗು ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಇದೇ ರಿಗ್ಗೈಯಲ್ಲಿ ಮಾತು ತಿರುಚುತ್ತಿದ್ದವರು ದೊಡ್ಡವರೇ. ನನ್ನಿಂದ ಮುಚ್ಚಿಡುವ ವಿಷಯವಿದ್ದರೆ ಅಪ್ಪ ಅಮ್ಮ ಪ್ರತಿ ಅಕ್ಷರಕ್ಕೂ ಮೊದಲು ಒಂದು 'ಕ' ಸೇರಿಸುತ್ತಿದ್ದರು. ಅದು ನನಗೆ ಎಂದೋ ಅರ್ಥವಾಗಿಹೋಗಿತ್ತು.

ಒಂದು ಮಧ್ಯಾಹ್ನ ಅಮ್ಮ ಆಸ್ಪತ್ರೆಯ ಬಿಳಿ ಯೂನಿಫಾರಂ ಇಸ್ತ್ರಿ ಮಾಡುತ್ತ, ನನ್ನನ್ನೇ ನೋಡಿ ನಗುತ್ತ, ಅಪ್ಪನಿಗೆ ಹೇಳಿದಳು: "ಕಊ ಕರ ಕಲ್ಲಿ ಕಬಿ ಕಡು ಕವ." ಊರಲ್ಲಿ ಬಿಡುವ. ರಜೆಗೆಂದು ಕರೆದೊಯ್ದು ನನ್ನನ್ನು ಅಜ್ಜಿಯ ಮನೆಯಲ್ಲೇ ಬಿಟ್ಟು ಬರುವುದೆಂದು ತೀರ್ಮಾನವಾಗಿತ್ತು. ಅತ್ತರೆ ನನಗೆ ಗುಟ್ಟು ತಿಳಿದಿದೆಯೆಂದು ಗೊತ್ತಾಗಿ ಅವರು ಬೇರೆ ಭಾಷೆ ಕಟ್ಟಿಕೊಳ್ಳುತ್ತಾರೆಂದು ನಾನು ಅಳಲಿಲ್ಲ. ಊರಿನಲ್ಲಿ ಅವರ ಟ್ಯಾಕ್ಸಿ ಹೊರಟಾಗಲೂ ಕೈ ಬೀಸಿದೆ.

ಸಂಜೆ ವಿಡಿಯೋ ಕಾಲ್‌ನಲ್ಲಿ ಮಗಳು ಅಜ್ಜಿಗೂ ಫ್ರೆಂಚ್ ಕತೆ ಹೇಳಿದಳು. ಅಮ್ಮ ಜೋರಾಗಿ ನಕ್ಕಳು. "ನಮ್ದೂ ಒಂದಿತ್ತು ಮಗಾ. ನಿನ್ನ ಅಮ್ಮನಿಗೆ ಗೊತ್ತಾಗ್ಲೇ ಇಲ್ಲ. ಊರಲ್ಲಿ ಬಿಟ್ಟು ಬರುವಾಗ್ಲೂ ಒಂದು ಹನಿ ಅಳ್ಲಿಲ್ಲ ಅವ್ಳು!"

ಗೊತ್ತಿತ್ತು ಎಂಬುದನ್ನು ಮೊದಲ ಸಲ ಅವಳದೇ ಭಾಷೆಯಲ್ಲಿ ಹೇಳಿದೆ: "ಕಗೊ ಕತ್ತಿ ಕತ್ತು."

ಅಮ್ಮನ ನಗು ನಿಂತಿತು.

"ಏನಂತೆ ಅಜ್ಜೀ?" ಎಂದಳು ಮಗಳು. ಅವಳಿಗೆ ನಾವಿಬ್ಬರೂ ಹೇಳಲಿಲ್ಲ.